ಸೂರ್ಯಗ್ರಹಣ ಮತ್ತು ಕಣ್ಣಿನ ರಕ್ಷಣೆ

1980ರ ಫೆಬ್ರವರಿ 16ರಂದು ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರು ಪ್ರದೇಶಗಳಲ್ಲಿ ಖಗ್ರಾಸ ಸೂರ್ಯಗ್ರಹಣವು ಗೋಚರಿಸಿತು. ಅಂದು ಅನೇಕರು ಭಯದಿಂದ ಬಾಗಿಲು ಮುಚ್ಚಿ ಮನೆಯೊಳಗೆ ಉಳಿದರು. ಗ್ರಹಣದ ವಿಷಯದಲ್ಲಿ ಭಯವೂ ಬೇಡ, ಅಜಾಗರೂಕತೆಯೂ ಬೇಡ.

ಸೂರ್ಯನ ಪ್ರಖರ ಬೆಳಕು ಕಣ್ಣಿನ ಒಳಪದರವಾದ ಅಕ್ಷಿಪಟಲದ ಮೇಲೆ ಕೇಂದ್ರೀಕೃತವಾಗಿ ಅದಕ್ಕೆ ಹಾನಿ ಮಾಡುತ್ತದೆ. ಆ ಪದರಕ್ಕೆ ನೋವಿನ ಅರಿವಿಲ್ಲ. ಆದುದರಿಂದ ಅಪಾಯವು ಆ ಕ್ಷಣದಲ್ಲಿ ತಿಳಿಯುವುದಿಲ್ಲ. ಕೆಲವು ಗಂಟೆಗಳ ನಂತರ ದೃಷ್ಟಿಯ ನಡುವೆ ಕಪ್ಪು ಕಲೆ ಅಥವಾ ಮಸುಕು ಕಾಣಿಸಿಕೊಳ್ಳುತ್ತದೆ. ಕೆಲವರಲ್ಲಿ ಈ ದೋಷವು ಶಾಶ್ವತವಾಗಿ ಉಳಿಯುತ್ತದೆ.

ಬರಿಗಣ್ಣಿನಿಂದ ನೋಡಬಹುದಾದ ಸಮಯವು ಒಂದೇ: ಖಗ್ರಾಸ ಪಥದೊಳಗಿನ ಊರಿನಲ್ಲಿ ಚಂದ್ರನು ಸೂರ್ಯಬಿಂಬವನ್ನು ಸಂಪೂರ್ಣವಾಗಿ ಮರೆಮಾಡಿರುವ ಕೆಲವೇ ನಿಮಿಷಗಳು. ಆಗ ಕಾಣುವ ಪ್ರಭಾವಲಯದ ಕಾಂತಿಯು ಹೆಚ್ಚುಕಡಿಮೆ ಹುಣ್ಣಿಮೆಯ ಚಂದ್ರನಷ್ಟೇ. ಅಂಚಿನಲ್ಲಿ ಬೆಳಕಿನ ಮೊದಲ ಹನಿ ಮಿನುಗಿದೊಡನೆ ದೃಷ್ಟಿಯನ್ನು ತಿರುಗಿಸಬೇಕು. ಬಿಂಬದ ಸ್ವಲ್ಪ ಭಾಗ ಮಾತ್ರ ಉಳಿದಿದ್ದರೂ ಅಪಾಯವು ತಪ್ಪದು. ಪಾರ್ಶ್ವಗ್ರಹಣ ಮತ್ತು ಕಂಕಣ ಗ್ರಹಣಗಳಲ್ಲಿ ಇಂತಹ ಸುರಕ್ಷಿತ ಕ್ಷಣವೇ ಇಲ್ಲ. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗುಗಳಲ್ಲಿ ಕಂಡದ್ದು ಕಂಕಣ ಗ್ರಹಣ. 2034ರ ಮಾರ್ಚ್ 20ರ ಖಗ್ರಾಸ ಪಥವು ಕಾಶ್ಮೀರ, ಲಡಾಖ್‌ಗಳ ಮೇಲೆ ಹಾಯುತ್ತದೆ. ಕರ್ನಾಟಕವು ಅದರ ಹೊರಗಿದೆ. ಅಂದು ನಮ್ಮ ಊರುಗಳಲ್ಲಿ ಯಾರೂ ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದು.

ಮಸಿ ಹಿಡಿದ ಗಾಜು, ಎಕ್ಸ್‌ರೇ ಫಿಲ್ಮು, ತಂಪು ಕನ್ನಡಕ ಇವು ಯಾವುವೂ ರಕ್ಷಣೆ ನೀಡವು. ತಟ್ಟೆಯ ನೀರಿನಲ್ಲಿ ಸೂರ್ಯನ ಪ್ರತಿಬಿಂಬವನ್ನು ನೋಡುವುದೂ ಸಲ್ಲದು. ಐಎಸ್‌ಒ 12312-2 ಗುಣಮಟ್ಟದ, ಗೀರು ಅಥವಾ ತೂತುಗಳಿಲ್ಲದ ಗ್ರಹಣ ಕನ್ನಡಕವನ್ನೇ ಬಳಸಿರಿ. ಅದು ದೊರೆಯದಿದ್ದರೆ ರಟ್ಟಿಗೆ ಸೂಜಿಯಿಂದ ಸಣ್ಣ ರಂಧ್ರ ಮಾಡಿ, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಬಿಳಿ ಕಾಗದದ ಮೇಲೆ ಬೀಳುವ ಬಿಂಬವನ್ನು ನೋಡಿರಿ. ರಂಧ್ರದ ಮೂಲಕ ಸೂರ್ಯನನ್ನು ನೋಡಕೂಡದು. ಹೊಂಗೆ, ಬೇವು ಮುಂತಾದ ಮರಗಳ ನೆರಳಿನಲ್ಲಿಯೂ ಎಲೆಗಳ ಸಂದಿನಿಂದ ಬಿದ್ದ ನೂರಾರು ಗ್ರಹಣಬಿಂಬಗಳನ್ನು ಮಕ್ಕಳಿಗೆ ತೋರಿಸಬಹುದು.

ಗರ್ಭಿಣಿಯು ಗ್ರಹಣಕಾಲದಲ್ಲಿ ತರಕಾರಿ ಹೆಚ್ಚಿದರೆ ಮಗುವಿಗೆ ಸೀಳುತುಟಿ ಬರುವುದೆಂಬ ನಂಬಿಕೆಗೆ ಆಧಾರವಿಲ್ಲ. ಗ್ರಹಣದಿಂದ ಗರ್ಭಕ್ಕೆ ಯಾವ ಹಾನಿಯೂ ಆಗದು. ಆಕೆಯನ್ನು ಉಪವಾಸವಿರಿಸಿ, ನೀರು ಮತ್ತು ಔಷಧಿಗಳನ್ನು ತಡೆಯುವುದೇ ಹಾನಿಕರ. ಪತಿಯೂ ಮನೆಯ ಹಿರಿಯರೂ ಇದನ್ನು ಮನಗಾಣಬೇಕು. ಹೆರಿಗೆಯ ನೋವು ಆರಂಭವಾದರೆ ಗ್ರಹಣ ಬಿಡುವವರೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿರಿ.

ಗ್ರಹಣವನ್ನು ನೋಡಿದ ನಂತರ ದೃಷ್ಟಿ ಮಂದವಾದರೆ ಮನೆಮದ್ದು ಮಾಡದೆ ನೇತ್ರವೈದ್ಯರನ್ನು ಕಾಣಿರಿ. ಗ್ರಹಣವು ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಕಣ್ಣು ಬಾಳಿನುದ್ದಕ್ಕೂ ಬೇಕು.