ಮೊಣಕಾಲ ಚಿಪ್ಪು ಪದೇ ಪದೇ ಜಾರುತ್ತಿದೆಯೇ?



ಒಂದು ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. "ಸಿಸ್ಟರ್, ಮಗಳ ಮೊಣಕಾಲ ಚಿಪ್ಪು ಮೂರು ಸಲ ಜಾರಿದೆ. ಪ್ರತಿ ಸಲ ಎಣ್ಣೆ ಹಚ್ಚಿ ಉಜ್ಜಿಸಿದ್ದೇವೆ. ಹೊರಗೆ ಗೊತ್ತಾದರೆ ನಾಳೆ ಗಂಡು ಸಿಗೋದು ಕಷ್ಟ" ಅಂದರು. ಹುಡುಗಿಗೆ ಹದಿನೇಳು ವರ್ಷ. ಮೆಟ್ಟಿಲು ಇಳಿಯಲು ಹೆದರಿ ಕಾಲೇಜಿಗೆ ಹೋಗೋದನ್ನೇ ಬಿಟ್ಟಿದ್ದಳು.

ತೊಡೆಮೂಳೆಯ ಕೆಳತುದಿಯಲ್ಲಿ, ಮುಂದುಗಡೆ, ಒಂದು ಸಣ್ಣ ತೋಡು ಇದೆ. ಕಾಲು ಮಡಚಿ ಬಿಚ್ಚುವಾಗ ಚಿಪ್ಪು ಆ ತೋಡಿನಲ್ಲೇ ಓಡಾಡುತ್ತದೆ. ಅದು ಹೊರಮಗ್ಗುಲಿಗೆ ಜಾರದಂತೆ ಒಳಮಗ್ಗುಲಿನಿಂದ ಲಿಗಮೆಂಟ್ ಎಂಬ ಗಟ್ಟಿ ಪಟ್ಟಿ ಹಿಡಿದುಕೊಂಡಿರುತ್ತದೆ, ಕರುವನ್ನು ಗೂಟಕ್ಕೆ ಕಟ್ಟಿದ ಹಗ್ಗದ ಹಾಗೆ. ಮೊದಲ ಸಲ ಜಾರಿದಾಗಲೇ ಸಾಮಾನ್ಯವಾಗಿ ಈ ಹಗ್ಗ ಹರಿಯುತ್ತದೆ. ಕೆಲವರಿಗೆ ತೋಡಿನ ಆಳವೇ ಕಡಿಮೆ. ಹದಿವಯಸ್ಸಿನಲ್ಲಿ ಈ ತೊಂದರೆ ಹೆಚ್ಚು. ಉಜ್ಜಿದರೆ ಹರಿದ ಹಗ್ಗ ಕೂಡುವುದಿಲ್ಲ. ಪ್ರತಿ ಸಲ ಜಾರುವಾಗಲೂ ಒಳಗಿನ ನುಣುಪಾದ ಮೆದು ಎಲುಬಿಗೆ ಪೆಟ್ಟು ಬೀಳಬಹುದು. ಆದ್ದರಿಂದ ಜಾರಿದಾಗ ಎಳೆದಾಡಬೇಡಿ. ಕಾಲಿಗೆ ದಿಂಬಿನ ಆಸರೆ ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ.

ಮೊದಲ ಸಲವಾದರೆ ಹೆಚ್ಚಿನವರಿಗೆ ಬೆಲ್ಟ್ ಮತ್ತು ವ್ಯಾಯಾಮ ಸಾಕಾಗುತ್ತದೆ. ಮತ್ತೆ ಮತ್ತೆ ಜಾರಿದರೆ ಮೂಳೆ ಡಾಕ್ಟರು ಎಕ್ಸ್‌ರೇ, ಎಂ.ಆರ್.ಐ. ನೋಡಿ ಆಪರೇಷನ್ ಹೇಳಬಹುದು. ಸಾಮಾನ್ಯವಾಗಿ ರೋಗಿಯದೇ ತೊಡೆಯ ಹಿಂಬದಿಯಿಂದ ದಾರದಂತಹ ಗಟ್ಟಿ ಭಾಗ ತೆಗೆದು ಹೊಸ ಹಗ್ಗ ಕಟ್ಟುತ್ತಾರೆ. ಕೆಲವರಿಗೆ ಮೂಳೆಯನ್ನೂ ಸ್ವಲ್ಪ ಸರಿಸಿ ಸ್ಕ್ರೂ ಹಾಕಬೇಕಾಗುತ್ತದೆ.

ಆಪರೇಷನ್ ಅರ್ಧ ಕೆಲಸ ಮಾತ್ರ. ಉಳಿದರ್ಧ ಮನೆಯಲ್ಲಿ ಆಗಬೇಕು. ಮೊದಲ ಕೆಲವು ವಾರ ಬೆಲ್ಟ್, ಊರುಗೋಲು ಬೇಕು. ಬಳಸದ ತೊಡೆ ಬೇಗ ಸೊರಗುತ್ತದೆ. ಅದಕ್ಕೇ ಚಾಪೆ ಮೇಲೆ ಕಾಲು ನೀಡಿ, ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತುತ್ತಾ ತೊಡೆ ಬಿಗಿಮಾಡಿ ಐದು ಎಣಿಸಿ ಬಿಡುವುದನ್ನು ಮೊದಲು ಕಲಿಸುತ್ತಾರೆ. ಆಮೇಲೆ ನಿಧಾನವಾಗಿ ಮಡಚುವುದು. ನೋವೆಂದು ಮಡಚದೇ ಬಿಟ್ಟರೆ ಮೊಣಕಾಲು ಬಿಗಿದುಕೊಳ್ಳುತ್ತದೆ. ಹಾಗಂತ ಫಿಸಿಯೋಥೆರಪಿಯವರು ಹೇಳುವ ಮೊದಲೇ ಕುಕ್ಕರುಗಾಲಲ್ಲಿ ಕೂರೋದು, ಕೊಡ ಹೊರೋದು ಬೇಡ. ಶೌಚಕ್ಕೆ ಕಮೋಡ್ ಕುರ್ಚಿ ಹೊಂದಿಸಿಕೊಳ್ಳಿ. ಓಟ, ಆಟ, ಭಾರದ ಕೆಲಸಕ್ಕೆ ಸಾಮಾನ್ಯವಾಗಿ ಆರು ತಿಂಗಳಾದರೂ ಬೇಕು. ಮಗಳಿಗೆ ಇಷ್ಟು ಬಿಡುವು ಕೊಡುವ ಮನೆಯವರೇ ಸೊಸೆಗೆ ಆರು ವಾರವೂ ಕೊಡದ್ದನ್ನು ನಾನು ನೋಡಿದ್ದೇನೆ. ಇದನ್ನು ಅತ್ತೆಯಂದಿರೂ ಓದಲಿ!

ಜ್ವರ, ಗಾಯದಲ್ಲಿ ಕೀವು, ಮೀನಖಂಡದಲ್ಲಿ ಊತ ಮತ್ತು ನೋವು, ಉಸಿರು ಕಟ್ಟುವುದು – ಇವುಗಳಲ್ಲಿ ಯಾವುದು ಕಂಡರೂ ಕಾಯದೆ ಆಸ್ಪತ್ರೆಗೆ ಹೋಗಿ.

ಖರ್ಚಿನ ವಿಷಯ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗಿನ ಚಿಕಿತ್ಸೆಗೆ ಅವಕಾಶವಿದೆ. ನಿಮ್ಮ ಆಪರೇಷನ್ ಅದರಲ್ಲಿ ಸೇರುತ್ತದೆಯೇ ಎಂದು ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ, ಬಡ್ಡಿಯವರ ಬಾಗಿಲಿಗೆ ಆಮೇಲೆ. ಸಂಘದಲ್ಲಿ ಸಾಲ ಕೇಳುವುದಾದರೆ ಫಿಸಿಯೋಥೆರಪಿಗೆ ಓಡಾಡುವ ಖರ್ಚನ್ನೂ ಸೇರಿಸಿ ಕೇಳಿ. ಅದಕ್ಕೆ ದುಡ್ಡಿಲ್ಲದೆ ನಡುವೆ ನಿಲ್ಲಿಸಿದವರು ಇದ್ದಾರೆ.

ಆ ಹುಡುಗಿಗೆ ಆಪರೇಷನ್ ಆಯಿತು. ಅವಳ ಪಾಲಿನ ನೀರನ್ನು ಸಂಘದ ಹೆಂಗಸರು ಸರದಿ ಹಾಕಿಕೊಂಡು ತಂದರು. ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ಮೆಟ್ಟಿಲಲ್ಲಿ ಇನ್ನೂ ಕೈಪಿಡಿ ಹಿಡಿಯುತ್ತಾಳೆ, ಹಿಡಿಯಲಿ.