\1571439: ಹನೂರು ಎಲ್ಲಿ ಹೋಯ್ತು?

ಕೊಳ್ಳೇಗಾಲದ ಪಿನ್ 571440, ಹನೂರಿನದು 571439, ಯಳಂದೂರಿನದು 571441. ಪೈಥಾನ್‌ನ ರೆಜೆಕ್ಸ್ ಕೈಗೆ ಸಿಕ್ಕಿದರೆ ಮೂರೂ ಒಂದೇ ಥರ ಕೆಡುತ್ತವೆ.

ಒಂದು ವಿಳಾಸದ ಫೈಲ್ ಇದೆ ಅಂದ್ಕೊಳ್ಳಿ. ಕೆಲವು ಸಾಲು “ಹನೂರು-” ಅಂತ ನಿಂತುಬಿಟ್ಟಿವೆ, ಪಿನ್ ಇಲ್ಲ. ಹುಡುಕೋ ಪ್ಯಾಟರ್ನ್ (ಹನೂರು-)$. ಬ್ರಾಕೆಟ್ ಒಳಗೆ ಸಿಕ್ಕಿದ್ದು ಗ್ರೂಪ್ 1, ಬದಲಿ ಸ್ಟ್ರಿಂಗಿನಲ್ಲಿ ಅದನ್ನ \1 ಅಂತ ವಾಪಸ್ ಕರೀತೀವಿ. ಹಾಗಾದರೆ ಬದಲಿ \1571439 ತಾನೇ? ರನ್ ಮಾಡಿ, ಎರರ್ ಬರಲ್ಲ. ಆದರೆ ಹನೂರು ಇದ್ದ ಜಾಗದಲ್ಲಿ ಇಂಗ್ಲಿಷಿನ ಚಿಕ್ಕ ಓ, ಆಮೇಲೆ 1439. ಊರೂ ಇಲ್ಲ, ಪಿನ್ನೂ ಇಲ್ಲ. ಆ ಫೈಲಿಂದ ಲೇಬಲ್ ಪ್ರಿಂಟ್ ಹಾಕಿದರೆ ಸ್ಕಾಲರ್‌ಶಿಪ್ ಪತ್ರ ಯಾರ ಮನೆಗೆ ಹೋಗುತ್ತೋ!

ಆಗಿದ್ದು ಇಷ್ಟು. ಬ್ಯಾಕ್‌ಸ್ಲ್ಯಾಶ್ ಆದಮೇಲೆ 0ಯಿಂದ 7ರ ಒಳಗಿನ ಮೂರು ಅಂಕಿ ಒಟ್ಟಿಗೆ ಬಂದರೆ ಪೈಥಾನ್ ಅದನ್ನ ಗ್ರೂಪ್ ನಂಬರ್ ಅಂತ ನೋಡಲ್ಲ, ಆಕ್ಟಲ್ ಅಂತ ಓದುತ್ತೆ. ಆಕ್ಟಲ್ 157 ಅಂದ್ರೆ 64+40+7, ಅಂದ್ರೆ 111. ಆಸ್ಕಿಯಲ್ಲಿ 111 ಚಿಕ್ಕ ಓ. ಮೈಸೂರಿನ 570ಕ್ಕೂ ಇದೇ ಗತಿ. ಹುಬ್ಬಳ್ಳಿಯ 580 ಮಾತ್ರ ಬಚಾವ್: 8 ಆಕ್ಟಲ್ ಅಂಕಿ ಅಲ್ಲ, ಹಾಗಾಗಿ \15 ಅಂದ್ರೆ 15ನೇ ಗ್ರೂಪ್ ಅಂತ ಹುಡುಕಿ, ಸಿಗದೆ ಎರರ್ ಕೊಡುತ್ತೆ. ನನ್ನ ಪ್ರಕಾರ ಎರರ್ ಬರೋದೇ ಅದೃಷ್ಟ.

“ಸ್ಟ್ರಿಂಗ್ ಮುಂದೆ ಆರ್ ಹಾಕಿದರೆ ಸಾಕು” ಅಂತ ಸೀನಿಯರ್ಸ್ ಹೇಳ್ತಾರೆ. ಇಲ್ಲಿ ಸಾಕಾಗಲ್ಲ. ಬ್ಯಾಕ್‌ಸ್ಲ್ಯಾಶನ್ನ ಇಬ್ಬರು ಓದ್ತಾರೆ: ಮೊದಲು ಪೈಥಾನ್ ಭಾಷೆ, ಆಮೇಲೆ ರೆಜೆಕ್ಸ್. ಆರ್ ಮೊದಲನೆಯವನ ಕಣ್ಣು ಮಾತ್ರ ಮುಚ್ಚುತ್ತೆ. ಆರ್ ಹಾಕೋದು ಬೇಕೇ ಬೇಕು, ಜೊತೆಗೆ ಗ್ರೂಪ್ ನಂಬರ್ ಎಲ್ಲಿ ಮುಗಿಯಿತು ಅಂತಾನೂ ಹೇಳಬೇಕು. \1 ಬದಲು ಬ್ಯಾಕ್‌ಸ್ಲ್ಯಾಶ್, ಇಂಗ್ಲಿಷಿನ ಚಿಕ್ಕ ಜಿ, ತಕ್ಷಣ <1> ಬರೆದು, ಅದಕ್ಕೆ ಅಂಟಿಸಿ 571439 ಹಾಕಿ. ಹನೂರು-571439 ಸರಿಯಾಗಿ ಬರುತ್ತೆ.

ಸೆಡ್‌ನಲ್ಲಿ ಈ ತಾಪತ್ರಯ ಇಲ್ಲ, ಅಲ್ಲಿ \1ರಿಂದ \9 ಅಷ್ಟೇ, ಒಂದೇ ಅಂಕಿ. ಜಾವಾಸ್ಕ್ರಿಪ್ಟ್ ಡಾಲರ್ ಚಿಹ್ನೆ ಬಳಸುತ್ತೆ: $1.

ಬದಲಿ ಪಠ್ಯವನ್ನ ಬೇರೆಯವರು ಟೈಪ್ ಮಾಡಿದ್ದು, ಅದರಲ್ಲಿ ವಿಂಡೋಸ್ ಪಾತ್ ಥರ ಬ್ಯಾಕ್‌ಸ್ಲ್ಯಾಶ್ ಇರಬಹುದು ಅಂದ್ರೆ ಸ್ಟ್ರಿಂಗ್ ಕೊಡಬೇಡಿ, ಲ್ಯಾಂಬ್ಡಾ ಕೊಡಿ. ಫಂಕ್ಷನ್ ವಾಪಸ್ ಕೊಟ್ಟದ್ದನ್ನ ರೆಜೆಕ್ಸ್ ಮತ್ತೆ ಬಿಡಿಸಿ ಓದಲ್ಲ, ಹಾಗೇ ಇಡುತ್ತೆ. ಎಸ್ಕೇಪ್ ಫಂಕ್ಷನ್ ಇದೆಯಲ್ಲ ಅಂತೀರಾ? ಅದು ಹುಡುಕೋ ಪ್ಯಾಟರ್ನ್‌ಗೆ ಮಾಡಿದ್ದು, ಬದಲಿಗೆ ಹಾಕಿದರೆ ಬೇಡದ ಬ್ಯಾಕ್‌ಸ್ಲ್ಯಾಶ್‌ಗಳು ಉಳ್ಕೊಳ್ತವೆ.