ಎರಡು ಯುದ್ಧಗಳ ನಡುವಿನ ಜರ್ಮನ್ ಕಲೆ

ನಮ್ಮ ದೆಹಲಿಯ ಕಸ್ತೂರ್ಬಾ ಗಾಂಧಿ ಮಾರ್ಗದಲ್ಲಿ ಮ್ಯಾಕ್ಸ್ ಮುಲ್ಲರ್ ಭವನವೆಂಬ ಜರ್ಮನ್ ಸಂಸ್ಕೃತಿಕೇಂದ್ರವಿದೆ. ಭಾಷಾಪಾಠಗಳೊಡನೆ ಅಲ್ಲಿ ಕಲಾಪ್ರದರ್ಶನಗಳೂ ನಡೆಯುವುದುಂಟು. ಎರಡು ಮಹಾಯುದ್ಧಗಳ ನಡುವೆ ಜರ್ಮನಿಯಲ್ಲಿ ಅರಳಿದ ಕಲೆಯನ್ನು ಲೋಕದ ಅನೇಕ ನಗರಗಳು ಇಂದಿಗೂ ಉತ್ಸವಗಳಿಂದ ಸ್ಮರಿಸುತ್ತವೆ. ಸೋತು ಬಡವಾಗಿದ್ದ ನಾಡಿನ ಕಲೆಗೆ ಇಷ್ಟು ಮನ್ನಣೆ ಏಕೆಂದು ವಿದ್ಯಾರ್ಥಿಗಳು ಕೇಳಬಹುದು.

1918ರಲ್ಲಿ ಜರ್ಮನಿ ಯುದ್ಧದಲ್ಲಿ ಸೋತಿತು, ಅರಸೊತ್ತಿಗೆ ಅಳಿಯಿತು. 1919ರಲ್ಲಿ ವೈಮಾರ್ ಎಂಬ ಊರಿನಲ್ಲಿ ಗಣರಾಜ್ಯದ ಸಂವಿಧಾನ ರಚಿತವಾಯಿತು. ಅದೇ ವರ್ಷ ಅದೇ ಊರಿನಲ್ಲಿ ವಾಲ್ಟರ್ ಗ್ರೋಪಿಯಸ್ ಎಂಬ ವಾಸ್ತುಶಿಲ್ಪಿ 'ಬೌಹೌಸ್' ಕಲಾಶಾಲೆಯನ್ನು ತೆರೆದರು. 1923ರ ಕೊನೆಗೆ ಒಂದು ಡಾಲರಿಗೆ 4 ಲಕ್ಷ ಕೋಟಿಗೂ ಮೀರಿದ ಮಾರ್ಕುಗಳನ್ನು ತೆರಬೇಕಾದಷ್ಟು ಹಣದ ಬೆಲೆ ಕುಸಿಯಿತು. ಅಂತಹ ಕಷ್ಟಕಾಲದಲ್ಲಿಯೂ ಬಡಗಿ, ನೇಕಾರ, ಚಿತ್ರಕಾರರು ಒಂದೇ ಶಾಲೆಯಲ್ಲಿ ಕಲೆತು ದುಡಿದರು. ನಿತ್ಯ ಬಳಸುವ ಕುರ್ಚಿ, ದೀಪಗಳೂ ಚೆಲುವಾಗಿರಬೇಕು, ಕೂಲಿಕಾರನ ಮನೆಗೂ ಗಾಳಿ ಬೆಳಕು ಬರಬೇಕು ಎಂಬುದು ಆ ಕಾಲದ ಹೊಸ ಕಲೆಯ ಹಂಬಲವಾಗಿತ್ತು. ಬೌಹೌಸಿನ ಚಿತ್ರಗಳು 1922ರ ಡಿಸೆಂಬರಿನಲ್ಲಿಯೇ ಕಲ್ಕತ್ತೆಗೆ ಬಂದು ನಮ್ಮ ದೇಶದ ಕಲಾವಿದರ ಚಿತ್ರಗಳೊಡನೆ ಪ್ರದರ್ಶಿತವಾದವು.

1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಬೌಹೌಸ್ ಮುಚ್ಚಿತು. ಯೆಹೂದಿಗಳೂ ಭಿನ್ನಮತದವರೂ ಕೆಲಸ ಕಳೆದುಕೊಂಡರು. 1937ರಲ್ಲಿ ಮ್ಯೂನಿಕ್ ನಗರದಲ್ಲಿ ಹೊಸ ಕಲೆಯನ್ನು ಹಳಿಯುವುದಕ್ಕೆಂದೇ ಸರ್ಕಾರ ಒಂದು ಪ್ರದರ್ಶನವನ್ನು ನಡೆಸಿತು.

ಹಾಗೆ ನೆಲೆ ತಪ್ಪಿದವರಲ್ಲಿ ಒಬ್ಬರು ನಮ್ಮ ನಾಡಿಗೂ ಬಂದರು. ಅವರೇ ಬರ್ಲಿನ್ನಿನಲ್ಲಿ ಹುಟ್ಟಿ, ಅಲ್ಲಿಯೇ ಕಲಿತ ವಾಸ್ತುಶಿಲ್ಪಿ ಆಟೋ ಕೋನಿಗ್ಸ್‌ಬರ್ಗರ್. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1939ರಲ್ಲಿ, ಅವರು ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಬೆಂಗಳೂರಿನ ಕೃಷ್ಣರಾವ್ ಉದ್ಯಾನದ ಮಂಟಪ, ವಿಜ್ಞಾನ ಮಂದಿರದ ಕೆಲವು ಕಟ್ಟಡಗಳು ಅವರ ಕೃತಿಗಳು. ಜರ್ಮನಿಯಲ್ಲಿ ಕಲಿತದ್ದನ್ನು ಅವರು ಇದ್ದಂತೆಯೇ ಇಲ್ಲಿಗೆ ತಂದಿಡಲಿಲ್ಲ. ನಮ್ಮ ಬಿಸಿಲು ಮಳೆಗಳಿಗೆ ತಕ್ಕಂತೆ ಮಾರ್ಪಡಿಸಿದರು. 1948ರಲ್ಲಿ ಭಾರತ ಸರ್ಕಾರದ ವಸತಿ ನಿರ್ದೇಶಕರಾಗಿ ದೆಹಲಿಗೆ ಬಂದರು. ದೇಶವಿಭಜನೆಯಿಂದ ಮನೆ ಕಳೆದುಕೊಂಡವರಿಗಾಗಿ ನಮ್ಮ ಪಕ್ಕದ ಫರೀದಾಬಾದಿನಲ್ಲಿ ಹೊಸ ಊರು ಕಟ್ಟುವ ಯೋಜನೆಯಲ್ಲಿ ಅವರ ಕೈಯಿತ್ತು. ಮನೆ ಕಳೆದುಕೊಂಡವರಿಗೆ, ತಾಯ್ನಾಡನ್ನೇ ಕಳೆದುಕೊಂಡವರೊಬ್ಬರು ಸೂರು ಯೋಚಿಸಿದರು!

ಆಳುವವರು ಒಂದು ಶಾಲೆಯ ಬಾಗಿಲನ್ನು ಮುಚ್ಚಿಸಬಲ್ಲರು. ಅಲ್ಲಿ ಬೆಳೆದ ಆಲೋಚನೆಯನ್ನು ಸೆರೆಯಲ್ಲಿಡಲಾರರು. ತವರುನಾಡಿನಿಂದ ದೂರವಿದ್ದು ಕನ್ನಡ ಕಲಿಯುತ್ತಿರುವ ನಮಗೆ ಇದು ಧೈರ್ಯ ತುಂಬುವ ಮಾತು. ರಜೆಯಲ್ಲಿ ಬೆಂಗಳೂರಿಗೆ ಹೋದವರು ಆ ಮಂಟಪವನ್ನು ತಪ್ಪದೆ ನೋಡಿಬರಲಿ.